ಬಹುಮತವಿಲ್ಲದ ಮಂತ್ರಿಮಂಡಲ: ಮದರಾಸು, 1952

ಇಂದು ಹನೂರು ತಾಲ್ಲೂಕಿನಲ್ಲಿರುವ ಗೋಪಿನಾಥಂ ಗ್ರಾಮವು, 1956ರ ನವೆಂಬರ್ 1ರವರೆಗೆ, ಕೊಳ್ಳೇಗಾಲ ಸೀಮೆಯೊಡನೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರಾದರೋ ಮೈಸೂರಿನದು. ಪ್ರಥಮ ಮಹಾಚುನಾವಣೆಯ ತರುವಾಯ ಯಳಂದೂರಿನವರಿಗೆ, 99 ಸ್ಥಾನಗಳಲ್ಲಿ 74ನ್ನು ಗಳಿಸಿದ ಕಾಂಗ್ರೆಸ್ಸಿನ ಸುಭದ್ರ ಸರ್ಕಾರ ದೊರೆಯಿತು. ಕೊಳ್ಳೇಗಾಲದ ಕನ್ನಡಿಗರ ಪಾಲಿಗೆ ಬಂದುದು ಬಹುಮತವೇ ಇಲ್ಲದ ಸರ್ಕಾರ.

ಮದರಾಸು ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಲಭಿಸಿದ್ದು 152 ಮಾತ್ರ. ಮುಖ್ಯಮಂತ್ರಿ ಕುಮಾರಸ್ವಾಮಿ ರಾಜಾ ಅವರೇ ಪರಾಭವಗೊಂಡಿದ್ದರು. ಟಿ. ಪ್ರಕಾಶಂ ಅವರ ನೇತೃತ್ವದಲ್ಲಿ ಕಮ್ಯುನಿಸ್ಟರೂ ಇತರರೂ ಕೂಡಿ ರಚಿಸಿದ ರಂಗವು ತನಗೆ 166 ಸದಸ್ಯರ ಬೆಂಬಲವಿದೆಯೆಂದು ಸಾರಿತು. ಆದರೆ ಬಹುಮತಕ್ಕೆ 188 ಬೇಕು. ಅದು ಇಬ್ಬರಲ್ಲಿಯೂ ಇರಲಿಲ್ಲ. ಇಂತಹ ಪ್ರಸಂಗದಲ್ಲಿ ಯಾರನ್ನು ಕರೆಯಬೇಕೆಂಬುದು ರಾಜ್ಯಪಾಲರ ವಿವೇಚನೆಗೆ ಬಿಟ್ಟದ್ದು. ರಾಜ್ಯಪಾಲ ಶ್ರೀಪ್ರಕಾಶರು ರಾಜಾಜಿಯವರನ್ನು ಕರೆದರು. ರಾಜಾಜಿಯವರು ಚುನಾವಣೆಗೇ ನಿಂತವರಲ್ಲ; ವಿಧಾನಪರಿಷತ್ತಿಗೆ ನಾಮಕರಣಗೊಂಡು 1952ರ ಏಪ್ರಿಲ್ 10ರಂದು ಅಧಿಕಾರ ಸ್ವೀಕರಿಸಿದರು. ಜನಾಭಿಪ್ರಾಯಕ್ಕೆ ಇದು ಒಪ್ಪುವಂಥದೇ ಎಂಬ ಆಕ್ಷೇಪವು ಆಗಲೇ ಎದ್ದಿತು, ಅದು ನಿರಾಧಾರವೇನಲ್ಲ.

ಸಣ್ಣ ಪಕ್ಷಗಳ ಒಲವನ್ನು ಸಂಪಾದಿಸಿಕೊಳ್ಳುವುದೇ ಇಂತಹ ಸರ್ಕಾರದ ಮೊದಲ ಕೆಲಸ. ಕಾಮನ್‌ವೀಲ್ ಪಕ್ಷದ ಮಾಣಿಕ್ಕವೇಲು ನಾಯಕರ್ ಮಂತ್ರಿಯಾದರು. ದಕ್ಷಿಣ ಕನ್ನಡದ ಎ. ಬಿ. ಶೆಟ್ಟರಿಗೆ ಆರೋಗ್ಯ ಖಾತೆ ಬಂದಿತು. ಜೂನ್‌ನಲ್ಲಿ ಅಕ್ಕಿಯ ನಿಯಂತ್ರಣವನ್ನು ತೆಗೆದುಹಾಕಲಾಯಿತು. ಜುಲೈ 3ರಂದು ವಿಶ್ವಾಸಮತವು 200ಕ್ಕೆ 151ರಂತೆ ದೊರೆಯಿತು. ಅಲ್ಪಸಂಖ್ಯೆಯ ಪಕ್ಷವು ಮೂರು ತಿಂಗಳೊಳಗೆ ಇನ್ನೂರು ಮತಗಳನ್ನು ಕೂಡಿಸಿಕೊಂಡದ್ದು ಸಾಮಾನ್ಯ ಚಾತುರ್ಯವಲ್ಲ.

ಆದರೂ ಅಂತಹ ಬಲವು ವಿಷಯದಿಂದ ವಿಷಯಕ್ಕೆ ಕರಗಬಲ್ಲದು. 1953ರಲ್ಲಿ ಗ್ರಾಮಾಂತರ ಪ್ರಾಥಮಿಕ ಶಾಲೆಗಳ ಪಾಠದ ಅವಧಿಯನ್ನು ಮೂರು ಗಂಟೆಗಿಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆಯವರ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ರಾಜಾಜಿಯವರು ಜಾರಿಗೆ ತಂದರು. ಕಡಿಮೆ ಖರ್ಚಿನಲ್ಲಿ ಹೆಚ್ಚು ಮಕ್ಕಳಿಗೆ ವಿದ್ಯೆ ಎಂಬುದು ಅವರ ವಾದ. ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಬೇಕೆಂಬ ಜಾತಿಕಟ್ಟಳೆಯಿದು ಎಂಬುದು ವಿರೋಧಿಗಳ ವಾದ. ಉಪಾಧ್ಯಾಯರಾದವರು ಈ ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು. ಜುಲೈನಲ್ಲಿ ಯೋಜನೆಯನ್ನು ಕೈಬಿಡಬೇಕೆಂಬ ಸೂಚನೆಗೆ ಸಭೆಯಲ್ಲಿ ಮತಗಳು ಸಮಸಮವಾಗಿ, ಸಭಾಧ್ಯಕ್ಷರ ಮತದಿಂದ ಸರ್ಕಾರ ಉಳಿಯಿತು. ಸ್ವಪಕ್ಷದಲ್ಲಿಯೇ ಅಸಮಾಧಾನ ಬೆಳೆದು, 1954ರ ಏಪ್ರಿಲ್‌ನಲ್ಲಿ ರಾಜಾಜಿಯವರು ನಿರ್ಗಮಿಸಿ ಕಾಮರಾಜರು ಮುಖ್ಯಮಂತ್ರಿಗಳಾದರು. ಅದೇ ವರ್ಷ ಯೋಜನೆಯೂ ರದ್ದಾಯಿತು. ಕೊಳ್ಳೇಗಾಲವು ಮೈಸೂರಿಗೆ ಸೇರುವ ವೇಳೆಗೆ ಆ ಅರ್ಧದಿನದ ಶಾಲೆ ನಿಂತು ಎರಡು ವರ್ಷಗಳು ಕಳೆದಿದ್ದವು.