ಮೊಟೇರಾದ ಸೋಲು, ಮನೆಮನೆಯ ತೀರ್ಪು

ಚಾಂದ್‌ಖೇಡಾದಲ್ಲಿ ನೆಲೆ ನಿಂತಿರುವ ನಮಗೆ ಮೊಟೇರಾದ ಕ್ರೀಡಾಂಗಣವೆಂದರೆ ನೆರೆಮನೆಯ ಅಂಗಳವಿದ್ದ ಹಾಗೆ. 2021ರಿಂದ ಅದು ನರೇಂದ್ರ ಮೋದಿಯವರ ಹೆಸರನ್ನು ಹೊತ್ತಿದ್ದರೂ ನಮ್ಮ ಮನೆಗಳಲ್ಲಿ ಇಂದಿಗೂ ಮೊಟೇರಾ ಎಂದೇ ಅದರ ಹೆಸರು. ದೊಡ್ಡ ಪಂದ್ಯವಿದ್ದ ದಿನ ನಮ್ಮ ರಸ್ತೆಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನೆಂಟರು ಕರೆಯದೆಯೇ ಬರುತ್ತಾರೆ. 2023ನೆಯ ಇಸವಿ ನವೆಂಬರ್ 19ರ ಭಾನುವಾರ ಇವೆರಡೂ ಸಾಂಗವಾಗಿ ನಡೆದುವು. ದೀಪಾವಳಿ ಕಳೆದು ಒಂದು ವಾರವಷ್ಟೇ ಆಗಿತ್ತು. ರಾತ್ರಿಗೆ ಬೇಕಾದೀತೆಂದು ಮಕ್ಕಳು ಉಳಿಸಿಟ್ಟುಕೊಂಡಿದ್ದ ಪಟಾಕಿಗಳು ಹಾಗೆಯೇ ಡಬ್ಬಿಯಲ್ಲಿ ಉಳಿದುವು.

ಪಂದ್ಯದ ಕತೆ ಎಲ್ಲರಿಗೂ ತಿಳಿದದ್ದೇ. ಆದರೂ ವಾದಕ್ಕೆ ಇಳಿಯುವ ಮುನ್ನ ಲೆಕ್ಕವನ್ನು ಒಮ್ಮೆ ಮುಂದಿಟ್ಟುಕೊಳ್ಳುವುದು ಲೇಸು. ಹತ್ತಕ್ಕೆ ಹತ್ತು ಪಂದ್ಯಗಳನ್ನು ಗೆದ್ದ ಭಾರತ, ಮೊದಲೆರಡನ್ನು ಸೋತು ಆಮೇಲೆ ಸೋಲನ್ನೇ ಕಾಣದ ಆಸ್ಟ್ರೇಲಿಯ. 92,453 ಪ್ರೇಕ್ಷಕರು. ಟಾಸ್ ಗೆದ್ದ ಕಮಿನ್ಸ್ ನಮ್ಮವರನ್ನು ಬ್ಯಾಟ್ ಮಾಡಲು ಇಳಿಸಿದರು. ಮೊದಲ 10 ಓವರ್‌ಗಳಲ್ಲಿ 80 ರನ್ನು ಬಂತು. ಉಳಿದ 40 ಓವರ್‌ಗಳಲ್ಲಿ ಬಂದ ಬೌಂಡರಿಗಳು ಕೇವಲ ನಾಲ್ಕು! ಒಟ್ಟು 240. ಆಸ್ಟ್ರೇಲಿಯ 47ಕ್ಕೆ 3 ವಿಕೆಟ್ ಕಳೆದುಕೊಂಡಾಗ ನಮ್ಮ ಮನೆಗಳಲ್ಲಿ ಜೀವ ಬಂತು. ಆದರೆ ಟ್ರಾವಿಸ್ ಹೆಡ್ 137 ರನ್ನು ಹೊಡೆದು, ಇನ್ನೂ 7 ಓವರ್‌ಗಳು ಮಿಕ್ಕಿರುವಾಗಲೇ ಕಪ್ಪನ್ನು ತಮ್ಮ ದೇಶಕ್ಕೆ ಒಯ್ದುಬಿಟ್ಟರು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ, ಆ ರಾತ್ರಿಯೇ ನಮ್ಮಲ್ಲಿ ವಿಚಾರಣೆ ಆರಂಭವಾಯಿತು. ಯಾರನ್ನು ಆಡಿಸಬೇಕಿತ್ತು, ಯಾರನ್ನು ಮೊದಲು ಕಳಿಸಬೇಕಿತ್ತು, ಹೊಸ ಚೆಂಡನ್ನು ಯಾರ ಕೈಗೆ ಕೊಡಬೇಕಿತ್ತು ಎಂಬುದನ್ನು ಬಲ್ಲದವರು ಒಬ್ಬರೂ ಇರಲಿಲ್ಲ. ಇಂತಹ ಚರ್ಚೆ ದೇಶದ ಎಲ್ಲೆಡೆ ನಡೆದಿರಲಿಕ್ಕೆ ಸಾಕು. ನಮ್ಮ ಪಾಲಿಗೆ ಮಾತ್ರ ಅದರಲ್ಲೊಂದು ಮುಳ್ಳಿತ್ತು. ತರಬೇತುದಾರರು ರಾಹುಲ್ ದ್ರಾವಿಡರು. ನಿಧಾನವಾಗಿ ಆಡಿದವರೆಂದು ಬೈಗುಳಕ್ಕೆ ಗುರಿಯಾದವರು ಕೆ. ಎಲ್. ರಾಹುಲರು. ಮಾರನೆಯ ಬೆಳಗ್ಗೆ ಹಾಲಿನ ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ನಮ್ಮನ್ನು ಕಂಡವರೆಲ್ಲ, “ನಿಮ್ಮ ಇಬ್ಬರು ರಾಹುಲರೂ ಸೇರಿ ಏನು ಮಾಡಿಬಿಟ್ಟರು ನೋಡಿ!” ಎಂದರು. ನಗುತ್ತಲೇ ಅಂದದ್ದು ನಿಜ. ಆದರೆ ಶಾಲೆಯಿಂದ ಮರಳಿದ ಮಕ್ಕಳ ಮುಖ ನೋಡಿದಾಗ, ಅಲ್ಲಿ ಈ ಮಾತು ಅಷ್ಟು ನಗುವಿನದಾಗಿರಲಿಲ್ಲವೆಂದು ತಿಳಿಯಿತು. ಗೆದ್ದ ಹತ್ತು ಪಂದ್ಯಗಳಲ್ಲಿ ತಂಡವು ಭಾರತದ್ದಾಗಿತ್ತು. ಹನ್ನೊಂದನೆಯದರಲ್ಲಿ ತಪ್ಪು ಮಾತ್ರ ಕರ್ನಾಟಕದ್ದಾಯಿತು.

ಹಾಗೆಂದು ನಮ್ಮವರೆಲ್ಲ ಒಟ್ಟಾಗಿ ನಿಂತರೆಂದು ಓದುಗರು ಭಾವಿಸಬೇಕಾಗಿಲ್ಲ. ಮುಂದಿನ ರಜಾದಿನ ಕೆಲವು ಮನೆಗಳವರು ಒಂದೆಡೆ ಸೇರಿದ್ದಾಗ ಧಾರವಾಡದ ಕಡೆಯ ಹಿರಿಯರೊಬ್ಬರು ಚಹದ ಬಟ್ಟಲನ್ನು ಕೆಳಗಿಟ್ಟು ಗುಡುಗಿದರು: “ನೂರಾ ಏಳು ಚೆಂಡು ಆಡಿ ಒಂದೇ ಒಂದು ಬೌಂಡರಿ ಏನ್ರೀ? ನಾನಾದ್ರೂ ಎರಡು ಹೊಡೀತಿದ್ದೆ!” ಮೈಸೂರಿನಿಂದ ಬಂದ ಸೊಸೆಯೊಬ್ಬಳು ಬಾಗಿಲ ಬಳಿಯಿಂದಲೇ, “ಕಾಕಾ, ಹೊಡೆಯಲು ಹೋಗಿ ಅವರೂ ಔಟಾಗಿದ್ದರೆ ಆಮೇಲೆ ಬ್ಯಾಟ್ ಹಿಡಿಯಲು ಯಾರಿದ್ದರು, ಹೇಳಿ?” ಎಂದಳು. ಕಾಕಾ ಉತ್ತರಿಸಲು ತೊಡಗಿದರು, ಚಹ ಆರಿತು.

ನಮಗೆ ಸೊಸೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆಯೆಂದು ತೋರುತ್ತದೆ. ರಾಹುಲ್ ಬಂದಾಗ 81ಕ್ಕೆ 3 ವಿಕೆಟ್ ಬಿದ್ದಿತ್ತು. ಅವರೂ ಕೊಹ್ಲಿಯೂ ಸೇರಿ 109 ಎಸೆತಗಳಲ್ಲಿ 67 ರನ್ನು ಕೂಡಿಸಿದರು. ನಡುವೆ 97 ಎಸೆತಗಳ ಕಾಲ ಒಂದು ಬೌಂಡರಿಯೂ ಇಲ್ಲ. ನೋಡುವವರಿಗೆ ಅದು ಶಿಕ್ಷೆಯೇ ಸರಿ. ಆದರೆ ಅದೇ ದಿನ, ಅದೇ ಪಿಚ್ಚಿನ ಮೇಲೆ, ಆಸ್ಟ್ರೇಲಿಯದ ಲಬುಶೇನ್ 110 ಎಸೆತಗಳಲ್ಲಿ 58 ರನ್ನು ಮಾಡಿದರು. ರಾಹುಲರು 107ರಲ್ಲಿ 66 ಮಾಡಿದ್ದರು. ಎಂದರೆ ನಿಧಾನದಲ್ಲಿ ಲಬುಶೇನರೇ ಒಂದು ಕೈ ಮೇಲು! ಆದರೂ ಅವರ ಆಟಕ್ಕೆ ತಾಳ್ಮೆಯೆಂದು ಹೆಸರಾಯಿತು, ಇವರ ಆಟಕ್ಕೆ ಹೆದರಿಕೆಯೆಂದು ಹೆಸರಾಯಿತು. ಅವರ ಎದುರು ತುದಿಯಲ್ಲಿ ಹೆಡ್ ನಿಂತಿದ್ದರು. ಇವರ ಎದುರು ತುದಿಯಲ್ಲಿ ವಿಕೆಟ್‌ಗಳು ಬೀಳುತ್ತಿದ್ದುವು.

ಇದೇ ರಾಹುಲರು ಅಕ್ಟೋಬರ್ 8ರಂದು ಚೆನ್ನೈಯಲ್ಲಿ ಇದೇ ಆಸ್ಟ್ರೇಲಿಯದ ವಿರುದ್ಧ, ತಂಡ 2 ರನ್ನಿಗೆ 3 ವಿಕೆಟ್ ಕಳೆದುಕೊಂಡಾಗ ನಿಂತು ಔಟಾಗದೆ 97 ಹೊಡೆದರು. ನವೆಂಬರ್ 12ರಂದು ಬೆಂಗಳೂರಿನಲ್ಲಿ ನೆದರ್‌ಲೆಂಡ್ಸ್ ವಿರುದ್ಧ 62 ಎಸೆತಗಳಲ್ಲಿ ಶತಕ ಮುಗಿಸಿದರು. ಹೊಡೆಯಲು ಬಾರದವರೇನಲ್ಲ.

ಹಾಗಾದರೆ ಅವರ ಕೈಯನ್ನು ಕಟ್ಟಿದವರು ಯಾರು? ಇಲ್ಲಿಯೇ ತಂಡದ ಜೋಡಣೆಯ ವಿಷಯ ಬರುತ್ತದೆ. ನಮ್ಮ ಮಟ್ಟಿಗೆ ಸೋಲಿನ ಬೇರು ಇರುವುದು ಮೊಟೇರಾದಲ್ಲಲ್ಲ, ಪುಣೆಯಲ್ಲಿ. ಅಕ್ಟೋಬರ್ 19ರಂದು ಬಾಂಗ್ಲಾದೇಶದ ವಿರುದ್ಧ ತನ್ನದೇ ಎಸೆತಕ್ಕೆ ಬಂದ ಚೆಂಡನ್ನು ಕಾಲಿನಿಂದ ತಡೆಯಹೋಗಿ ವಡೋದರೆಯ ಹಾರ್ದಿಕ್ ಪಾಂಡ್ಯ ಕಣಕಾಲು ನೋಯಿಸಿಕೊಂಡರು. ಬ್ಯಾಟೂ ಮಾಡಿ ಬೌಲಿಂಗೂ ಮಾಡಬಲ್ಲ ಒಬ್ಬನು ಹೋದರೆ ಇಬ್ಬರು ಹೋದಂತೆ. ಅವರ ಬದಲಿಗೆ ಸೂರ್ಯಕುಮಾರ್ ಬ್ಯಾಟಿಗಾಗಿ ಬಂದರು, ಶಾರ್ದೂಲರನ್ನು ಕೂರಿಸಿ ಶಮಿ ಚೆಂಡಿಗಾಗಿ ಬಂದರು. ಶಮಿ 7 ಪಂದ್ಯಗಳಲ್ಲಿ 24 ವಿಕೆಟ್ ಕಿತ್ತರು, ಮೆಚ್ಚದವರಾರು? ಆದರೆ ಅಂದಿನಿಂದ ಎಂಟನೆಯ ಕ್ರಮಾಂಕದ ಕೆಳಗೆ ಬ್ಯಾಟೆಂಬುದು ಕೈಯಲ್ಲಿ ಹಿಡಿಯುವ ವಸ್ತು, ಅಷ್ಟೇ. ಆರನೆಯ ಬೌಲರ್ ಎಂಬವನೂ ಇಲ್ಲ. ನವೆಂಬರ್ 4ರಂದು ಹಾರ್ದಿಕ್ ಆಡುವುದಿಲ್ಲವೆಂದು ಖಚಿತವಾದಾಗ ತಂಡಕ್ಕೆ ಕರೆದದ್ದು ನಮ್ಮ ಬೆಂಗಳೂರಿನ ವೇಗಿ ಪ್ರಸಿದ್ಧ್ ಕೃಷ್ಣರನ್ನು. ಹುಡುಗ ಒಳ್ಳೆಯವನೇ, ಆದರೆ ಹೋದದ್ದು ಎರಡು ಕೈಯ ಆಟಗಾರ, ಬಂದದ್ದು ಇನ್ನೊಬ್ಬ ಬೌಲರ್. ಪ್ರಸಿದ್ಧ್ ಒಂದು ಪಂದ್ಯವನ್ನೂ ಆಡಲಿಲ್ಲ. ನಮ್ಮವನೆಂಬ ಅಭಿಮಾನದಿಂದ ಈ ಲೆಕ್ಕವನ್ನು ಮುಚ್ಚಿಡುವುದು ನ್ಯಾಯವಾಗದು.

ಹತ್ತು ಗೆಲುವುಗಳ ಹೊಳಪಿನಲ್ಲಿ ಈ ಬಿರುಕು ಕಾಣಲಿಲ್ಲ. ಮೇಲಿನವರು ಹೊಡೆಯುತ್ತಿದ್ದರು, ಕೆಳಗಿನವರಿಗೆ ಕೆಲಸವೇ ಇರಲಿಲ್ಲ. ಕೊಹ್ಲಿ 148ರಲ್ಲಿ ಔಟಾದಾಗ ಸೂರ್ಯಕುಮಾರರ ಮುಂಚೆ ಜಡೇಜಾರನ್ನು ಕಳಿಸಿದ್ದೂ ಇದರದೇ ಫಲ. ಸೂರ್ಯರನ್ನು ಕೊನೆಯ ಹತ್ತು ಓವರ್‌ಗಳಿಗೆಂದು ಕಾಪಿಡುವ ಲೆಕ್ಕ ಅದಾಗಿರಬೇಕು. ಜಡೇಜಾ 22 ಎಸೆತಗಳಲ್ಲಿ 9 ಮಾಡಿದರು. ಸೂರ್ಯರು ಬಂದಾಗ ಅವರಿಗೆ ಬೇಕಾದ ವೇಗದ ಚೆಂಡನ್ನು ಆಸ್ಟ್ರೇಲಿಯದವರು ಹಾಕಲೇ ಇಲ್ಲ. 28 ಎಸೆತಗಳಲ್ಲಿ 18. ಈ ಒಂದು ವಿಷಯದಲ್ಲಿ ಧಾರವಾಡದ ಕಾಕಾರೊಡನೆ ನಾವೂ ದನಿಗೂಡಿಸುತ್ತೇವೆ: ಚೆನ್ನಾಗಿ ಹೊಡೆಯುವವನನ್ನು ಇಟ್ಟುಕೊಂಡು ಕಾಯುತ್ತ ಕುಳಿತರೆ, ಹೊಡೆಯುವ ಹೊತ್ತೇ ಮೀರಿಹೋಗುತ್ತದೆ.

ಪಿಚ್ಚಿನ ಮಾತೂ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕೆಲವರು ನಕ್ಕರು. ಆದರೆ ನೆಲದಲ್ಲಿ ನಿಜಕ್ಕೂ ವಿಷಯವಿತ್ತು. ಅಕ್ಟೋಬರ್ 14ರಂದು ಪಾಕಿಸ್ತಾನದ ವಿರುದ್ಧ ಆಡಿದ ಪಿಚ್ಚೇ ಅದು, ಕಪ್ಪು ಮಣ್ಣಿನದು. ಹಗಲಲ್ಲಿ ಒಣಗಿ ಚೆಂಡು ತಡೆದು ತಡೆದು ಬರುತ್ತಿತ್ತು, ರಾತ್ರಿ ಇಬ್ಬನಿ ಬಿದ್ದ ಮೇಲೆ ಬ್ಯಾಟಿಗೆ ಹದವಾಯಿತು. ಆಸ್ಟ್ರೇಲಿಯದ ಆಯ್ಕೆಗಾರ ಜಾರ್ಜ್ ಬೈಲಿ, ಕೆಮ್ಮಣ್ಣಿಗೂ ಕಪ್ಪು ಮಣ್ಣಿಗೂ ಇರುವ ಈ ವ್ಯತ್ಯಾಸವನ್ನು ತಮಗೆ ಪಂದ್ಯದ ನಡುವೆಯೇ ವಿವರಿಸಿದರೆಂದು ಅಶ್ವಿನ್ ಆಮೇಲೆ ಹೇಳಿದರು. ನಮ್ಮ ಮಣ್ಣನ್ನು ಪರದೇಶದವರು ನಮಗಿಂತ ಚೆನ್ನಾಗಿ ಓದಿದ್ದರು! ನಮ್ಮ ನಾಯಕ ರೋಹಿತರಂತೂ ಟಾಸ್ ಗೆದ್ದಿದ್ದರೂ ಮೊದಲು ಬ್ಯಾಟಿಂಗನ್ನೇ ಆರಿಸುತ್ತಿದ್ದೆನೆಂದು ಅಲ್ಲಿಯೇ ತಿಳಿಸಿದ್ದರು.

ಅಶ್ವಿನರನ್ನು ಆಡಿಸಬೇಕಿತ್ತೆಂಬ ವಾದಕ್ಕೆ ನಾವು ಒಪ್ಪುವುದಿಲ್ಲ. ಒದ್ದೆ ಚೆಂಡಿನಲ್ಲಿ ಕುಲದೀಪರೂ ಜಡೇಜಾರೂ ಸೇರಿ ಒಂದು ವಿಕೆಟ್ಟನ್ನೂ ಪಡೆಯದಿದ್ದಾಗ ಮೂರನೆಯ ಸ್ಪಿನ್ನರ್ ಏನು ಮಾಡಿಯಾರು? ಸಿರಾಜರ ಬದಲು ಶಮಿಗೆ ಹೊಸ ಚೆಂಡು ಕೊಟ್ಟದ್ದನ್ನೂ ಹಳಿಯುವಂತಿಲ್ಲ. ಶಮಿ ಮೊದಲ ಓವರಿನಲ್ಲಿಯೇ ವಾರ್ನರನ್ನು ಕಿತ್ತರು.

ಇನ್ನು ದ್ರಾವಿಡರ ವಿಷಯ. ಬ್ಯಾಸ್ಕೆಟ್‌ಬಾಲಿನಲ್ಲಾದರೆ ತರಬೇತುದಾರನು ಅಂಕಣದ ಅಂಚಿನಲ್ಲಿ ನಿಂತು ಕ್ಷಣಕ್ಷಣಕ್ಕೂ ಆಟಗಾರರನ್ನು ಬದಲಿಸಬಹುದು, ಆಟ ನಿಲ್ಲಿಸಿ ಬುದ್ಧಿ ಹೇಳಬಹುದು. ಒಂದು ದಿನದ ಕ್ರಿಕೆಟ್ಟಿನಲ್ಲಿ ಟಾಸಿನ ಹೊತ್ತಿಗೆ ಹನ್ನೊಂದು ಹೆಸರು ಬರೆದುಕೊಟ್ಟ ಮೇಲೆ ಅವನಿಗೆ ಉಳಿಯುವುದು ಬ್ಯಾಟಿಂಗಿನ ಕ್ರಮದ ಸಲಹೆ, ಆಗಾಗ ನೀರಿನೊಡನೆ ಕಳಿಸುವ ಒಂದು ಚೀಟಿ. ಮೈದಾನದಲ್ಲಿ ನಾಯಕನೇ ದೊರೆ. ಆದುದರಿಂದ ಹೊಣೆಯನ್ನು ಇಬ್ಬರಿಗೂ ಹಂಚಬೇಕು. ದ್ರಾವಿಡರು ಆ ರಾತ್ರಿ ಪತ್ರಕರ್ತರ ಮುಂದೆ ಬಂದು ಕುಳಿತು, 30–40 ರನ್ನು ಕಡಿಮೆಯಾಯಿತೆಂದು ಒಪ್ಪಿಕೊಂಡರು; ಯಾರ ಹೆಸರನ್ನೂ ಮುಂದೆ ತಳ್ಳಲಿಲ್ಲ.

ಆ ಮೈದಾನ ಅವರಿಗೆ ಹೊಸದಲ್ಲ. 2003ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧ 222 ಹೊಡೆದದ್ದು ಮೊಟೇರಾದಲ್ಲಿಯೇ. 2009ರ ನವೆಂಬರಿನಲ್ಲಿ ಶ್ರೀಲಂಕಾದ ಎದುರು ಭಾರತ 32ಕ್ಕೆ 4 ಆಗಿದ್ದಾಗ ನಿಂತು 177 ಮಾಡಿದ್ದೂ ಅಲ್ಲಿಯೇ. 1996ರಲ್ಲಿ ನಮ್ಮ ಮೈಸೂರಿನ ಶ್ರೀನಾಥರು 21 ರನ್ನಿಗೆ 6 ವಿಕೆಟ್ ಕಿತ್ತು ದಕ್ಷಿಣ ಆಫ್ರಿಕವನ್ನು 105ಕ್ಕೆ ಮಣಿಸಿದ್ದೂ ಅದೇ ನೆಲದ ಮೇಲೆ. ಆಗ ‘ನಿಮ್ಮವರು’ ಎಂದು ಯಾರೂ ಬೇರೆ ಮಾಡಿರಲಿಲ್ಲ. ಅಷ್ಟೇಕೆ, ದ್ರಾವಿಡರೇ ಹುಟ್ಟಿದ್ದು ಇಂದೋರಿನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ; ಊರು ಬಿಟ್ಟು ಊರಿಗೆ ಬಂದ ಮನೆತನ, ನಮ್ಮ ಹಾಗೆಯೇ.

ಹಿರಿಯರಿಗೆ 2003ರ ಮಾರ್ಚ್ 23 ನೆನಪಿರಬಹುದು. ಜೋಹಾನ್ಸ್‌ಬರ್ಗಿನಲ್ಲಿ ಇದೇ ಆಸ್ಟ್ರೇಲಿಯದ ವಿರುದ್ಧ ಅಂತಿಮ ಪಂದ್ಯ. ಗಂಗೂಲಿ ಟಾಸ್ ಗೆದ್ದು ಎದುರಾಳಿಗೆ ಬ್ಯಾಟ್ ಕೊಟ್ಟರು. ಅವರು 2 ವಿಕೆಟ್‌ಗೆ 359 ಬಾರಿಸಿದರು. ಶ್ರೀನಾಥರ 10 ಓವರ್‌ಗಳಿಗೆ 87 ರನ್ನು ಹೋಯಿತು. ಕುಂಬ್ಳೆಯವರನ್ನು ಹೊರಗೆ ಕೂರಿಸಿದ್ದರು. ವಿಕೆಟ್‌ನ ಹಿಂದೆ ಕೈಗವಸು ತೊಟ್ಟು ನಿಂತಿದ್ದವರು ದ್ರಾವಿಡರು. ಕುಂಬ್ಳೆ ಇದ್ದಿದ್ದರೆ ಎಂದು ಇಂದಿಗೂ ನಿಟ್ಟುಸಿರು ಬಿಡುವವರು ನಮ್ಮಲ್ಲುಂಟು. ಆದರೆ ಅಂದು ಬಿದ್ದ ಎರಡೂ ವಿಕೆಟ್‌ಗಳನ್ನು ಪಡೆದವರು ಅವರ ಜಾಗದಲ್ಲಿ ಆಡಿದ ಹರಭಜನರೇ. ಇನ್ನೊಂದು ವಿನೋದ ನೋಡಿ: ಟಾಸ್ ಗೆದ್ದು ಫೀಲ್ಡಿಂಗ್ ಆರಿಸಿದ ಗಂಗೂಲಿ ಅವಿವೇಕಿಯೆನಿಸಿದರು, ಇಪ್ಪತ್ತು ವರ್ಷಗಳ ನಂತರ ಅದನ್ನೇ ಮಾಡಿದ ಕಮಿನ್ಸ್ ಜಾಣರೆನಿಸಿದರು.

ರೋಹಿತ್ 31 ಎಸೆತಗಳಲ್ಲಿ 47 ಹೊಡೆದು, ಮ್ಯಾಕ್ಸ್‌ವೆಲ್‌ಗೆ ಒಂದು ಸಿಕ್ಸರ್, ಒಂದು ಬೌಂಡರಿ ಬಾರಿಸಿದ ಮೇಲೆ ಮತ್ತೊಮ್ಮೆ ಎತ್ತಿದಾಗ, ಹೆಡ್ ಹಿಂದಕ್ಕೆ ಓಡುತ್ತ ಓಡುತ್ತ ಆ ಚೆಂಡನ್ನು ಹಿಡಿದರಲ್ಲ, ಅದು ಬೆರಳ ತುದಿಯಿಂದ ಜಾರಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲವೆಂದು ಸೊಸೆ ಹೇಳುತ್ತಾಳೆ. ಕಾಕಾ ಇದಕ್ಕೂ ಒಪ್ಪಿಲ್ಲ. ಎರಡು ಹೊಡೆತ ಸಿಕ್ಕ ಓವರಿನಲ್ಲಿ ಮೂರನೆಯದೇಕೆ ಎಂದು ಅವರ ಪ್ರಶ್ನೆ.

2024ರ ಜೂನ್ 29ರಂದು ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಅದೇ ನಾಯಕ, ಅದೇ ತರಬೇತುದಾರ, ಮತ್ತೊಂದು ಅಂತಿಮ ಪಂದ್ಯ. ಈ ಸಲ ಇಪ್ಪತ್ತು ಓವರ್‌ಗಳ ವಿಶ್ವಕಪ್ಪು. 34ಕ್ಕೆ 3 ಬಿದ್ದಾಗ ಹೆಸರಾಂತ ಹೊಡೆತಗಾರರನ್ನು ಬಿಟ್ಟು ಎಡಗೈಯ ಅಕ್ಷರ್ ಪಟೇಲರನ್ನು ಐದನೆಯವರಾಗಿ ಕಳಿಸಿದರು. ಮೊಟೇರಾದಲ್ಲಿ ಜಡೇಜಾರನ್ನು ಕಳಿಸಿದಂತಹುದೇ ನಿರ್ಧಾರ. ನಡಿಯಾದಿನ ಅಕ್ಷರ್ 31 ಎಸೆತಗಳಲ್ಲಿ 47 ಹೊಡೆದರು, ವಡೋದರೆಯ ಹಾರ್ದಿಕ್ ಕೊನೆಯ ಓವರನ್ನು ಹಾಕಿದರು, ಭಾರತ 7 ರನ್ನುಗಳಿಂದ ಗೆದ್ದಿತು. ಎಂದೂ ದನಿ ಏರಿಸದ ದ್ರಾವಿಡರು ಕಪ್ಪನ್ನು ಎತ್ತಿ ಕೂಗಿದ್ದನ್ನು ಆ ರಾತ್ರಿ ಎಲ್ಲರೂ ನೋಡಿದೆವು. ಅದು ಭಾರತ ತಂಡದ ತರಬೇತುದಾರರಾಗಿ ಅವರ ಕೊನೆಯ ಪಂದ್ಯ. ಪಕ್ಕದ ಮನೆಯವರು ಬಾಗಿಲು ತಟ್ಟಿ, “ನಮ್ಮ ಅಕ್ಷರ್!” ಎಂದರು. ನಾವು, “ನಮ್ಮ ದ್ರಾವಿಡ್!” ಎಂದೆವು. ಕಾಕಾ ಮಾತ್ರ ದೂರವಾಣಿಯಲ್ಲಿ ಕೇಳಿದ್ದು ಒಂದೇ: “ಇದನ್ನs ಮೊಟೇರಾದಾಗ ಯಾಕ ಮಾಡಲಿಲ್ಲ?” ಅಲ್ಲಿಯೂ ಇದನ್ನೇ ಮಾಡಿದ್ದರಲ್ಲ ಎಂದು ವಿವರಿಸಹೊರಟ ಸೊಸೆಗೆ ಇನ್ನೂ ಪೂರ್ತಿ ಹೇಳಲು ಬಿಟ್ಟಿಲ್ಲ.