ತಟ್ಟೆಯ ತಳದಲ್ಲೊಂದು ಶವಯಾತ್ರೆ

ಮಕ್ಕಳ ಊಟದ ತಟ್ಟೆ ಎಂದರೆ ನಮಗೆ ನೆನಪಾಗುವುದು ಮೊಲ, ಚಿಟ್ಟೆ, ಛೋಟಾ ಭೀಮ್. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಕೆಲವು ಪುಟಾಣಿಗಳ ತಟ್ಟೆಯ ಮೇಲೆ ಕೊಲೆಯೂ ಇತ್ತು, ಶವಸಂಸ್ಕಾರವೂ ಇತ್ತು! ಇತಿಹಾಸ ಓದುತ್ತಿರುವ ನಾನು ಹಳೆಯ ಪಿಂಗಾಣಿಯ ಬಗ್ಗೆ ತಿಳಿಯಲು ಹೊರಟಾಗ ಇವು ಕಣ್ಣಿಗೆ ಬಿದ್ದು ಬೆಚ್ಚಿಬಿದ್ದೆ.

ಸ್ಟಾಫರ್ಡ್‌ಶೈರ್ ಇಂಗ್ಲೆಂಡಿನ ಪಿಂಗಾಣಿ ಕಾರ್ಖಾನೆಗಳ ಸೀಮೆ. ತಾಮ್ರದ ಫಲಕದಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕಿಳಿಸಿ, ಆ ಕಾಗದವನ್ನು ತಟ್ಟೆಗೆ ಒತ್ತುವ ವಿಧಾನ 18ನೇ ಶತಮಾನದಲ್ಲೇ ಬಂದಿತ್ತು. ಇದರಿಂದ ಚಿತ್ರದ ತಟ್ಟೆಗಳು ಅಗ್ಗವಾದವು. ಅಂಚಿನಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಮಾಲೆ, ನಡುವೆ ಒಂದು ಚಿತ್ರ. ಮಗು ಊಟ ಖಾಲಿ ಮಾಡಿದರಷ್ಟೇ ಚಿತ್ರದ ದರ್ಶನ.

ಅಂಥ ಚಿತ್ರಗಳಲ್ಲೊಂದು ರಾಬಿನ್ ಹಕ್ಕಿಯ ಸಾವು. ಅದರ ಹಿಂದಿರುವ ಶಿಶುಗೀತೆಯ ಕಥೆ ಕೇಳಿ: ಗುಬ್ಬಚ್ಚಿ ಬಾಣ ಬಿಟ್ಟು ರಾಬಿನ್ನನ್ನು ಕೊಲ್ಲುತ್ತದೆ. ಮೀನು ಪುಟ್ಟ ಬಟ್ಟಲಲ್ಲಿ ರಕ್ತ ಹಿಡಿಯುತ್ತದೆ. ಜೀರುಂಡೆ ಹೆಣದ ಬಟ್ಟೆ ಹೊಲಿಯುತ್ತದೆ, ಗೂಬೆ ಗುಂಡಿ ತೋಡುತ್ತದೆ. ಅನ್ನ ತಿನ್ನುವ ತಟ್ಟೆಗೆ ಇದೆಂಥ ಕಥೆ ಅನ್ನಿಸಬಹುದು. ಆದರೆ ಆಗ ಅಲ್ಲಿ ಹುಟ್ಟುತ್ತಿದ್ದ ಸಾವಿರ ಶಿಶುಗಳಲ್ಲಿ ಸುಮಾರು 150 ಮೊದಲ ವರ್ಷ ದಾಟುತ್ತಿರಲಿಲ್ಲ. ಸಾವು ಮನೆಯೊಳಗೇ ಇತ್ತು, ಅದನ್ನು ಮಕ್ಕಳಿಂದ ಮುಚ್ಚಿಡಲು ಆಗುತ್ತಿರಲಿಲ್ಲ.

ಬೆಂಜಮಿನ್ ಫ್ರಾಂಕ್ಲಿನ್‌ನ ಬುದ್ಧಿಮಾತುಗಳೂ ಮಕ್ಕಳ ತಟ್ಟೆ, ಮಗ್‌ಗಳ ಮೇಲೆ ಅಚ್ಚಾದವು. ದುಡಿ, ಉಳಿಸು, ಬೇಗ ಏಳು ಎಂಬುದೇ ಅವುಗಳ ಸಾರ. ನಿದ್ದೆ ಮಾಡಲು ಗೋರಿಯಲ್ಲಿ ಬೇಕಾದಷ್ಟು ಸಮಯವಿದೆ ಎಂದೂ ಆತ ಎಚ್ಚರಿಸಿದ್ದ.

ನನ್ನನ್ನು ನಿಜವಾಗಿ ಕಲಕಿದ್ದು ಈ ಚಿತ್ರಗಳಲ್ಲ, ಪಾತ್ರೆಗಳನ್ನು ತಯಾರಿಸಿದ ಕೈಗಳು. 1840ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವೆನ್ ಎಂಬ ಸರ್ಕಾರಿ ಅಧಿಕಾರಿ ಈ ಕಾರ್ಖಾನೆಗಳ ಮಕ್ಕಳನ್ನೇ ಮಾತನಾಡಿಸಿ ವರದಿ ಬರೆದ. ಅಲ್ಲಿ ಹಸಿ ತಟ್ಟೆ ಕೂತ ಅಚ್ಚನ್ನು ಹೊತ್ತು ಹುಡುಗರು ಕಾದ ಕೋಣೆಗೆ ಓಡಬೇಕಿತ್ತು, ಖಾಲಿ ಅಚ್ಚಿನೊಂದಿಗೆ ಮತ್ತೆ ಓಡಿ ಬರಬೇಕಿತ್ತು. ದಿನವಿಡೀ ಇದೇ ಕೆಲಸ. ಬೆಳಗಿನ ಜಾವವೇ ಬಂದು ಒಲೆ ಹೊತ್ತಿಸುವುದೂ ಅವರದೇ ಪಾಲು. ಪಾತ್ರೆಗೆ ಹೊಳಪು ಕೊಡುವ ದ್ರಾವಣದಲ್ಲಿ ವಿಷಕಾರಿ ಸೀಸ ಬೇರೆ. ಪಿಂಗಾಣಿ ಉದ್ಯಮ ಕಾರ್ಖಾನೆ ಕಾಯ್ದೆಯ ವ್ಯಾಪ್ತಿಗೆ ಬಂದದ್ದು 1864ರಲ್ಲಿ.

ಒಂದು ಮಗುವಿಗೆ ಬೇಗ ಏಳಲು ಹೇಳುವ ತಟ್ಟೆಗಾಗಿ ಇನ್ನೊಂದು ಮಗು ನಿದ್ದೆಗೆಟ್ಟು ಓಡುತ್ತಿತ್ತು. ನಿದ್ದೆ ಬಿಟ್ಟು ದುಡಿದರೆ ಮಾತ್ರ ಯಶಸ್ಸು ಎಂಬ ಉಪದೇಶ ಕೆಲಸ ಹುಡುಕುವ ನಮ್ಮಂಥವರ ಕಿವಿಗೆ ಇಂದಿಗೂ ಬೀಳುತ್ತದೆ. ಅದನ್ನು ಕೇಳಿದಾಗಲೆಲ್ಲ ಆ ಹುಡುಗರು ನೆನಪಾಗುತ್ತಾರೆ. ಅವರಿಗಿಂತ ಬೇಗ ಎದ್ದವರು ಯಾರಿದ್ದರು? ಸಿರಿವಂತರಾದದ್ದು ಮಾತ್ರ ಅವರಲ್ಲ.