ಮಾಂಸಾಹಾರವಿಲ್ಲದೆ ಕಬ್ಬಿಣಾಂಶ: ರಾಗಿ, ಹುರುಳಿ, ಸೊಪ್ಪುಗಳ ಸದ್ಬಳಕೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣಾಂಶದ ಕೊರತೆಯು ಇದಕ್ಕೆ ಪ್ರಮುಖ ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ., ಪುರುಷನಿಗೆ 19 ಮಿ.ಗ್ರಾಂ. ಕಬ್ಬಿಣಾಂಶ ಅಗತ್ಯ.

ಆಹಾರ ಮೂಲಗಳು (100 ಗ್ರಾಂನಲ್ಲಿ, ಸುಮಾರು)
• ಹುರುಳಿ – 8.8 ಮಿ.ಗ್ರಾಂ.
• ಸಜ್ಜೆ – 6.4 ಮಿ.ಗ್ರಾಂ.
• ರಾಗಿ – 4.6 ಮಿ.ಗ್ರಾಂ.
• ದಂಟಿನ ಸೊಪ್ಪು – 4.6 ಮಿ.ಗ್ರಾಂ.

ಹೀರಿಕೆ ಏಕೆ ಕಡಿಮೆ?
ಸಸ್ಯಮೂಲದ ಕಬ್ಬಿಣಾಂಶವನ್ನು ದೇಹವು ಮಾಂಸದಲ್ಲಿರುವುದರಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಹಾಗೂ ಚಹಾ, ಕಾಫಿಗಳಲ್ಲಿರುವ ಪಾಲಿಫೀನಾಲ್‌ಗಳು ಹೀರಿಕೆಯನ್ನು ತಡೆಯುತ್ತವೆ. ‘ಸಿ’ ಜೀವಸತ್ವವು ಅದನ್ನು ಹೆಚ್ಚಿಸುತ್ತದೆ. ಆದುದರಿಂದ ಏನನ್ನು ಸೇವಿಸುತ್ತೇವೆ ಎಂಬುದರಷ್ಟೇ ಯಾವುದರೊಡನೆ ಸೇವಿಸುತ್ತೇವೆ ಎಂಬುದೂ ಮುಖ್ಯ.

ಅನುಸರಿಸಬೇಕಾದ ಕ್ರಮಗಳು
1. ರಾಗಿ, ಹುರುಳಿ, ಹೆಸರುಕಾಳುಗಳನ್ನು ರಾತ್ರಿ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಇದರಿಂದ ಫೈಟೇಟ್ ಕಡಿಮೆಯಾಗುತ್ತದೆ.
2. ‘ಸಿ’ ಜೀವಸತ್ವವು ಶಾಖಕ್ಕೆ ನಾಶವಾಗುವುದರಿಂದ, ಸೊಪ್ಪಿನ ಪಲ್ಯ ಅಥವಾ ಮೊಳಕೆಕಾಳಿನ ಸಾರನ್ನು ಒಲೆಯಿಂದ ಇಳಿಸಿದ ಬಳಿಕವೇ ನಿಂಬೆರಸ ಹಿಂಡಬೇಕು.
3. ಊಟದೊಡನೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಸೇವಿಸಬೇಕು.
4. ಊಟಕ್ಕೂ ಚಹಾ, ಕಾಫಿಗೂ ನಡುವೆ ಕನಿಷ್ಠ ಒಂದು ಗಂಟೆ ಅಂತರವಿರಬೇಕು.
5. ಹುಳಿ ಬೆರೆತ ಪದಾರ್ಥಗಳನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಸ್ವಲ್ಪ ಕಬ್ಬಿಣಾಂಶ ಆಹಾರಕ್ಕೆ ಸೇರುತ್ತದೆ.

ಗಮನಿಸಿ: ಗರ್ಭಿಣಿಯರಿಗೂ ತೀವ್ರ ರಕ್ತಹೀನತೆ ಇರುವವರಿಗೂ ಆಹಾರವೊಂದೇ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಸೂಚಿಸಿದ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು.